ಹನ್ನೊಂದು ಗಂಟೆಗೆ ತೆರೆಯುವ ಡಬ್ಬಿ

ದರ್ಜಿ ಮೂವತ್ತೇಳನೆಯ ಕುರ್ಚಿಯನ್ನು ಬಿಡಿಸಿ ನೆಲಕ್ಕೆ ಊರಿದಾಗ ಅದರ ಒಂದು ಕಾಲು ಕುಂಟಿತು. ಅದನ್ನು ಸಾಲಿನ ತುದಿಗೆ ತಳ್ಳಿ ಇನ್ನೊಂದನ್ನು ಎಳೆದುಕೊಳ್ಳುವಷ್ಟರಲ್ಲಿ ಮಗಳು ಬಂದು ಅವನ ಮೊಣಕೈ ಹಿಡಿದಳು.

“ಸಾಕು ಬಿಡಪ್ಪ. ಬಂದಿರೋರೇ ಹದಿನಾರು ಜನ.”

“ಎಂಬತ್ತಕ್ಕೆ ಹೇಳಿದೀನಿ. ಎಂಬತ್ತೂ ಬಿಡಿಸ್ತೀನಿ.”

“ಖಾಲಿ ಕುರ್ಚಿ ನೋಡೋಕೆ ಚೆನ್ನಾಗಿರಲ್ಲ ಅಪ್ಪ.”

“ಮಡಿಸಿಟ್ಟ ಕುರ್ಚಿ ಇನ್ನೂ ಚೆನ್ನಾಗಿರಲ್ಲ,” ಎಂದು ದರ್ಜಿ ಮೂವತ್ತೆಂಟನೆಯದನ್ನು ಬಿಡಿಸಿದ.

ಆಗ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಿತಾಗಾರಕ್ಕೆ ಅಂಟಿಕೊಂಡಿದ್ದ ಆ ಸಭಾಂಗಣ ಹನ್ನೆರಡರವರೆಗೆ ಅವರದು, ಆಮೇಲೆ ಬೇರೆ ಮನೆಯವರ ಸರದಿ. ಎತ್ತರದ ಕಿಟಕಿಗಳು, ಬಿಳಿ ಗೋಡೆ, ಬಲಗಡೆಯ ಗೋಡೆಯ ಮೇಲೊಂದು ದೊಡ್ಡ ಗಡಿಯಾರ. ಮುಂದಿನ ಕಟ್ಟೆಯ ಮೇಲೆ ಅವನ ಹೆಂಡತಿ ಮಲಗಿದ್ದಳು, ಅವನೇ ಹೊಲಿದ ಬೂದುಬಣ್ಣದ ಉಡುಪಿನಲ್ಲಿ. ಭಾನುವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು “ಯಾಕೋ ಎದೆ ಭಾರ ರೀ” ಎಂದವಳು, ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಹೋಗಿಬಿಟ್ಟಿದ್ದಳು. ಅರವತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು.

ಇಪ್ಪತ್ತಾರು ವರ್ಷ ಅವಳು ಒಂದೇ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ, ಒಂದೇ ಕೋಣೆಯಲ್ಲಿ, ಒಂದೇ ಕೆಲಸ ಮಾಡಿದವಳು. ಬರುವ ಬಿಲ್ಲು ತೆಗೆದುಕೊಳ್ಳುವುದು, ಹೋಗುವ ಬಿಲ್ಲು ಕಳಿಸುವುದು. ಊರಿನ ಅರ್ಧ ವ್ಯಾಪಾರಕ್ಕೆಲ್ಲ ತಾನು ಬಿಲ್ಲಕ್ಕ ಎಂದು ಅವಳು ಹೇಳುತ್ತಿದ್ದಳು. ದರ್ಜಿ ಆ ಮಾತನ್ನು ನಂಬಿದ್ದೂ ಇಲ್ಲ, ತಳ್ಳಿಹಾಕಿದ್ದೂ ಇಲ್ಲ. ಹೂಂ ಎಂದು ಸೂಜಿಗೆ ದಾರ ಪೋಣಿಸುತ್ತಿದ್ದ.

ಈಗ ಮುಂದಿನ ಎರಡು ಸಾಲಿನಲ್ಲಿ ಕೂತಿದ್ದವರು ಯಾರು? ಮಗಳು, ಅಳಿಯ. ಪಕ್ಕದ ಮನೆಯ ಗಂಡ ಹೆಂಡತಿ. ಬಿಲ್ಲಕ್ಕನ ಅಕ್ಕ, ಅಂದರೆ ದರ್ಜಿಗೆ ಅತ್ತಿಗೆ, ಮತ್ತು ಅವರ ಇಬ್ಬರು ಸೊಸೆಯರು. ಉಳಿದವರು ಕಾರ್ಖಾನೆಯವರು. ಕಾರ್ಖಾನೆ ಎಂದರೆ ಮೂರು ಯಂತ್ರ, ಒಂಬತ್ತು ಜನ. ಮಾಲೀಕರು ಅದಕ್ಕೆ ಬೀಗ ಹಾಕಿಸಿ ಎಲ್ಲರನ್ನೂ ಕರೆತಂದಿದ್ದರು. ಅಲ್ಲಿಗೆ ಲೆಕ್ಕ ಮುಗಿಯಿತು.

“ಎಂಬತ್ತು ಕುರ್ಚಿಯಂತೆ,” ಎಂದರು ಅತ್ತಿಗೆ, ಸೊಸೆಗೆ ಹೇಳುವಂತೆ ಮಾಡಿ ದರ್ಜಿಗೆ ಕೇಳುವಂತೆ. “ನನ್ನ ತಂಗಿ ಆ ಕಂಪ್ಯೂಟರ್ ಮುಂದೆ ಕೂತು ಕಣ್ಣು ಹಾಳು ಮಾಡ್ಕೊಂಡ್ಳೇ ಹೊರತು ಯಾರ ಮನೆಗೆ ಹೋದ್ಳು? ಯಾರ ಜತೆ ಕೂತು ನಾಲ್ಕು ಮಾತಾಡಿದ್ಳು? ಜನ ಏನು, ಮೇಲಿಂದ ಉದುರ್ತಾರಾ?”

ಅತ್ತಿಗೆಯ ನಾಲಿಗೆ ಹರಿತ, ಮನಸ್ಸು ಕೆಟ್ಟದ್ದಲ್ಲ. ಬೆಳಗ್ಗೆಯಿಂದ ಮೂರು ಕರವಸ್ತ್ರ ತೋಯಿಸಿದ್ದರು. ಅವರ ಮಾತು ದರ್ಜಿಗೆ ನಾಟಿದ್ದು ಬೇರೆ ಕಾರಣಕ್ಕೆ. ಹೆಚ್ಚು ಕಡಿಮೆ ಇದೇ ಮಾತನ್ನು ಅವನೂ ಒಂದು ಸಲ ಆಡಿದ್ದ.

*

ಮೂರು ವರ್ಷದ ಹಿಂದೆ ಒಂದು ಸಂಜೆ. ಅವಳು ಎಂದಿನಂತೆ ಊಟದ ಮೇಜಿನ ಮುಂದೆ ಸುದ್ದಿ ಓದುತ್ತಿದ್ದಳು. ಸುದ್ದಿ ಎಂದರೆ ಪತ್ರಿಕೆಯದ್ದಲ್ಲ, ಬಿಲ್ಲು ಕಳಿಸುವ ವ್ಯಾಪಾರಿಗಳದ್ದು.

“ಅಂಟಿನವ್ಳಿಗೆ ಇವತ್ತು ಧ್ವನಿ ಕಟ್ಟಿದೆ. ಬ್ರೆಡ್ಡಿನವನು ಸಿಗರೇಟು ಬಿಟ್ಟನಂತೆ, ಇದು ನಾಲ್ಕನೇ ಸಲ. ಬೂಟಿನಂಗಡಿ ಮ್ಯಾನೇಜರ್ ಮಗಳು ಪಾಸಾದ್ಳು ರೀ! ಪಾಪ, ಎಷ್ಟು ಒದ್ದಾಡಿದ್ರು.”

“ಇವರನ್ನೆಲ್ಲ ನೋಡಿದೀಯಾ ನೀನು?”

“ಯಾಕೆ ನೋಡ್ಬೇಕು? ಧ್ವನಿ ಕೇಳಿದೀನಲ್ಲ. ಬಿಲ್ಲು ನೋಡಿದೀನಲ್ಲ.”

“ಅದೃಶ್ಯ ನೆಂಟರು,” ಎಂದ ದರ್ಜಿ. ಇದು ಅವರ ಮನೆಯ ಹಳೆಯ ತಮಾಷೆ. ಆದರೆ ಆ ದಿನ ಯಾರೋ ಒಂದು ಪ್ಯಾಂಟನ್ನು ಎರಡನೇ ಸಲ ವಾಪಸು ತಂದು ಎಸೆದು ಹೋಗಿದ್ದರು, ಅವನ ತಲೆ ಕೆಟ್ಟಿತ್ತು. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. “ನಾಳೆ ನೀನು ಕಣ್ಮುಚ್ಚಿದ್ರೆ ಈ ನೆಂಟರಲ್ಲಿ ಒಬ್ಬನಾದ್ರೂ ಬಾಗಿಲಿಗೆ ಬರ್ತಾನಾ?”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಚಮಚ ಕೆಳಗಿಟ್ಟು ಒಂದು ಕ್ಷಣ ಅವನ ಮುಖ ನೋಡಿ, ಆಮೇಲೆ ನಕ್ಕಳು.

“ಎಂಬತ್ತು ಕುರ್ಚಿ ಹಾಕ್ಸಿ ನೋಡಿ. ಒಂದೇ ಒಂದು ಖಾಲಿ ಉಳಿದ್ರೂ ನೀವು ಗೆದ್ದಂಗೆ.”

“ಎಂಬತ್ತೇ ಯಾಕೆ?”

“ನಿಮ್ಮ ಅಂಗಡಿ ಗೋಡೆ ಮೇಲೆ ಗುಂಡಿ ಡಬ್ಬಿ ಎಷ್ಟಿದೆ?”

“ಎಂಬತ್ತು.”

“ನನ್ನ ಹತ್ರನೂ ಅಷ್ಟೇ ಇದೆ,” ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅವಳ ಹತ್ತಿರ ಯಾವ ಡಬ್ಬಿ, ಎಲ್ಲಿದೆ ಎಂದು ದರ್ಜಿ ಕೇಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಮಾರನೆಯ ದಿನ ಅವಳ ಕೋಟಿನ ಸಡಿಲ ಗುಂಡಿಯೊಂದನ್ನು ಹೇಳಿಸಿಕೊಳ್ಳದೆಯೇ ಹೊಲಿದುಕೊಟ್ಟ. ಅವರ ಮನೆಯಲ್ಲಿ ಅದು ಕ್ಷಮೆಯ ಲೆಕ್ಕಕ್ಕೇ ಸೇರುತ್ತಿತ್ತು.

*

“ಅಯ್ಯೋ, ಸತ್ತೆ!”

ಆ ಜಾಗಕ್ಕೆ ಒಪ್ಪುವ ಮಾತಲ್ಲ. ಎರಡೂ ಸಾಲಿನವರು ತಿರುಗಿ ನೋಡಿದರು. ಕಾರ್ಖಾನೆಯ ಉಗ್ರಾಣಿ ಫೋನನ್ನು ಎರಡು ಕೈಯಲ್ಲಿ ಹಿಡಿದು, ಮುಖ ಬಿಳಿಚಿಕೊಂಡು ನಿಂತಿದ್ದ. ರಟ್ಟು, ಅಂಟು, ಟೇಪುಗಳ ಲೆಕ್ಕ ನೋಡಿಕೊಳ್ಳುವ ಐವತ್ತು ದಾಟಿದ ಮನುಷ್ಯ. ಎರಡು ದಿನದಿಂದ ಬಿಲ್ಲಕ್ಕನ ಮೇಜನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಕುರ್ಚಿಗಳನ್ನು ಸುತ್ತಿಕೊಂಡು ಮಾಲೀಕರ ಹತ್ತಿರ ಓಡಿದ.

“ಸಾರ್, ಸುದ್ದಿ ಯಾರಿಗೂ ಮುಟ್ಟಿಲ್ಲ.”

“ನಿನ್ನೆ ಸಂಜೇನೇ ಕಳಿಸಿದೆ ಅಂದ್ರಲ್ಲ?”

“ಕಳಿಸಿದೆ ಸಾರ್. ಆರು ಗಂಟೆಗೆ, ಎಂಬತ್ತು ಕಡೆಗೆ, ಒಟ್ಟು ನೂರ ಹನ್ನೆರಡು ಜನಕ್ಕೆ. ಒಬ್ರೂ ಬರ್ಲಿಲ್ಲ, ಒಂದು ಉತ್ತರಾನೂ ಇಲ್ಲ ಅಂತ ಈಗ ಹುಡುಕ್ತಾ ಇದ್ದೆ. ನನಗೇ ಒಂದು ಪ್ರತಿ ಕಳಿಸ್ಕೊಂಡಿದ್ದೆ, ಅದೂ ಇನ್‌ಬಾಕ್ಸಲ್ಲಿಲ್ಲ. ಡಬ್ಬಿಲಿದೆ.”

ಮಾಲೀಕರು ಕಣ್ಣು ಮುಚ್ಚಿಕೊಂಡರು. “ಯಾವ ವಿಳಾಸದಿಂದ ಕಳಿಸಿದ್ರಿ?”

“ಬಿಲ್ಲಿನ ವಿಳಾಸದಿಂದ. ಎಲ್ಲರ ಪಟ್ಟಿ ಇರೋದು ಅಲ್ಲೇ ತಾನೆ?”

“ಸುದ್ದೀನ ಅಲ್ಲೇ ಟೈಪ್ ಮಾಡಿದ್ರಾ?”

“ಇಲ್ಲ. ನೀವು ಬರೆದುಕೊಟ್ಟ ಕಾಗದ ಸ್ಕ್ಯಾನ್ ಮಾಡಿ ಅಟ್ಯಾಚ್ ಮಾಡ್ದೆ. ನಮ್ಮಲ್ಲಿ ಏನೇ ಹೋದ್ರೂ ಹಾಗೇ ತಾನೆ ಸಾರ್ ಹೋಗೋದು!”

“ಮೇಲೆ ಏನಂತ ಬರೆದ್ರಿ?”

ಉಗ್ರಾಣಿ ತಲೆ ತಗ್ಗಿಸಿದ. “‘ಬಿಲ್ಲು ಲಗತ್ತಿಸಿದೆ, ಪರಿಶೀಲಿಸಿ.’ ಅದು ತಾನಾಗೇ ಬರುತ್ತೆ ಸಾರ್.”

ಮಾಲೀಕರು ಬಾಯಿಗೆ ಕೈ ಅಡ್ಡ ಹಿಡಿದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ದರ್ಜಿ ಐವತ್ತೊಂಬತ್ತನೆಯ ಕುರ್ಚಿಯನ್ನು ಕೈಯಲ್ಲೇ ಹಿಡಿದುಕೊಂಡು ಹತ್ತಿರ ಬಂದ.

“ನನಗೊಂದಕ್ಷರ ಅರ್ಥ ಆಗ್ಲಿಲ್ಲ. ಯಾವ ಡಬ್ಬಿ?”

ಉಗ್ರಾಣಿ ಹೇಳಿದ. ಬಿಲ್ಲಕ್ಕ ಕಾರ್ಖಾನೆಯ ಇಮೇಲಿಗೆ ಒಂದೊಂದು ವ್ಯಾಪಾರಿಗೂ ಒಂದೊಂದು ಫಿಲ್ಟರ್ ಮಾಡಿಟ್ಟಿದ್ದರು. ಇಂಥವರಿಂದ ಪತ್ರ ಬಂದರೆ ಇಂಥ ಕಡೆಗೆ ತಾನಾಗಿ ಹೋಗು ಅನ್ನುವ ಕಟ್ಟಳೆ. ಅಷ್ಟಕ್ಕೇ ಬಿಡದೆ, ವ್ಯಾಪಾರಿಗಳಿಗೆಲ್ಲ ಫೋನು ಹಿಡಿದು, ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ಹೇಳಿಕೊಟ್ಟು ಅವರ ಕಡೆಗೂ ಒಂದು ಮಾಡಿಸಿದ್ದರು.

“ನಮ್ಮ ಬಿಲ್ಲಿನ ವಿಳಾಸದಿಂದ ಅಟ್ಯಾಚ್‌ಮೆಂಟ್ ಇರೋ ಪತ್ರ ಹೋದ್ರೆ ಅದು ಅವರ ಇನ್‌ಬಾಕ್ಸಲ್ಲಿ ನಿಲ್ಲಲ್ಲ, ಫೋನು ಟಿಂಗ್ ಅನ್ನಲ್ಲ. ಸೀದಾ ‘ಡಬ್ಬಿ’ ಅನ್ನೋ ಫೋಲ್ಡರಿಗೆ ಬಿದ್ದುಬಿಡುತ್ತೆ. ಅದನ್ನ ದಿನಕ್ಕೆ ಎರಡೇ ಸಲ ತೆಗೀಬೇಕು ಅಂತ ಬಿಲ್ಲಕ್ಕನ ಕಟ್ಟಪ್ಪಣೆ. ಬೆಳಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ. ಮಧ್ಯೆ ಮಧ್ಯೆ ಕೈ ಹಾಕ್ತಾ ಇದ್ರೆ ಕೆಲಸಾನೂ ಆಗಲ್ಲ, ಬಿಲ್ಲೂ ಸಿಗಲ್ಲ ಅಂತಿದ್ರು.”

“ನೀವು ಕಳಿಸಿದ್ದು ಆರಕ್ಕೆ,” ಎಂದಳು ಮಗಳು.

“ಆರಕ್ಕೆ.”

ಎಲ್ಲರೂ ಗಡಿಯಾರ ನೋಡಿದರು. ಹತ್ತು ಮೂವತ್ತೆಂಟು.

“ನೋಡ್ತಾ ನಿಂತಿದೀರಲ್ಲ, ಫೋನ್ ಮಾಡ್ರಪ್ಪ!” ಎಂದರು ಅತ್ತಿಗೆ. “ನೂರ ಹನ್ನೆರಡು ಜನ ತಾನೆ? ಆಳಿಗೆ ಹತ್ತು ಹಂಚ್ಕೊಳಿ!”

ಉಗ್ರಾಣಿ ಆಗಲೇ ಪಟ್ಟಿ ತೆರೆದಿದ್ದ. ಮಗಳು ಕೈ ಚಾಚಿದಳು. ಆಗ ದರ್ಜಿ, “ಬೇಡ,” ಎಂದ.

“ಅಪ್ಪ?”

“ಫೋನ್ ಮಾಡಿ ಕರೆಸೋದು ಬೇಡ. ಅವಳು ಯಾರಿಗೂ ಹನ್ನೊಂದಕ್ಕೆ ಮುಂಚೆ ಫೋನ್ ಮಾಡ್ದೋಳಲ್ಲ. ಹನ್ನೊಂದಾಗ್ಲಿ. ತೆಗೀತಾರೆ ಅಂದ್ಮೇಲೆ ತೆಗೀತಾರೆ.”

“ಒಂದು ಗಂಟೆ ಉಳಿಯುತ್ತೆ ಅಷ್ಟೇ! ತೆಗೆದ್ರೂ ಬರೋಕೆ ಹೊತ್ತೆಲ್ಲಿ?” ಎಂದಳು ಮಗಳು.

“ಊರೇನು ಸಮುದ್ರನಾ? ಈ ತುದಿಯಿಂದ ಆ ತುದಿಗೆ ಸ್ಕೂಟರಲ್ಲಿ ಇಪ್ಪತ್ತು ನಿಮಿಷ.”

ಹಾಗೆಂದು ಹಟ ಹಿಡಿದು ಐವತ್ತೊಂಬತ್ತನೆಯ ಕುರ್ಚಿಯನ್ನು ಊರಿದ. ಹೇಳಿದ ಕಾರಣ ಸುಳ್ಳಲ್ಲ. ಆದರೆ ಹೇಳದ ಕಾರಣ ಒಂದಿತ್ತು. ಕರೆದೂ ಬರದಿದ್ದರೆ? ಈಗಲಾದರೆ ಸುದ್ದಿ ಮುಟ್ಟಲಿಲ್ಲ ಅನ್ನಬಹುದು. ಫೋನು ಮಾಡಿ, ಅವರು “ಅಯ್ಯೋ ಪಾಪ” ಎಂದು ಇಟ್ಟುಬಿಟ್ಟರೆ, ಇಪ್ಪತ್ತಾರು ವರ್ಷ ಅವಳು ಗೋಡೆಯ ಜತೆ ಮಾತಾಡಿದಳು ಎಂದಾಗುತ್ತದೆ. ತಾನು ಆ ಸಂಜೆ ಆಡಿದ ಮಾತು ಗೆದ್ದುಬಿಡುತ್ತದೆ. ಅದು ಗೆಲ್ಲುವುದು ಅವನಿಗೆ ಬೇಕಿರಲಿಲ್ಲ.

ಸಭಾಂಗಣದ ಮೇಲ್ವಿಚಾರಕ ಬಾಗಿಲಲ್ಲಿ ಇಣುಕಿ, “ಯಜಮಾನ್ರೇ, ಹನ್ನೆರಡರ ಮೇಲೆ ಬರೋರಿಗೆ ಕುರ್ಚಿ ಸಾಲ್ತಿಲ್ಲ. ನಿಮ್ಮದು ಹಿಂದಿನ ನಾಲ್ಕು ಸಾಲು ಖಾಲಿ ಇದೆ. ಈಗಲೇ ಆ ಕಡೆ ಹಾಕ್ಲಾ?” ಎಂದು ಕೇಳಿದ.

“ಹಾಕ್ಕೊಳಪ್ಪ,” ಎಂದರು ಅತ್ತಿಗೆ.

“ಹನ್ನೊಂದೂಕಾಲಿಗೆ ಬಾ,” ಎಂದ ದರ್ಜಿ. “ಆಗಲೂ ಖಾಲಿ ಇದ್ರೆ ನಾನೇ ಮಡಿಸಿಕೊಡ್ತೀನಿ.”

*

ಹನ್ನೆರಡು ವರ್ಷದ ಹಿಂದೆ ಕಾರ್ಖಾನೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಬಿಲ್ಲಕ್ಕನ ಬಾಳು ನಾಯಿಪಾಡಾಗಿತ್ತು. ಕಾಗದದ ಬಿಲ್ಲುಗಳನ್ನು ಅವಳು ಕಣ್ಣುಕಟ್ಟಿದರೂ ಹುಡುಕುತ್ತಿದ್ದಳು. ಇಮೇಲಿನಲ್ಲಿ ಬಿಲ್ಲು, ಜಾಹೀರಾತು, ಮಾಲೀಕರ ಗೆಳೆಯರ ಜೋಕು, ಸಾಬೂನಿನವರು ಒಂದೇ ಬಿಲ್ಲನ್ನು ಮೂರು ಸಲ ಕಳಿಸಿದ್ದು, ಎಲ್ಲ ಒಂದೇ ರಾಶಿ. ಆ ರಾಶಿಯಲ್ಲಿ ಮಸಿಯಂಗಡಿಯ ಮುದುಕರ ಬಿಲ್ಲೊಂದು ಮುಳುಗಿಹೋಯಿತು. ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಮಸಿ ಕೊಡುತ್ತಿದ್ದವರು ಅವರು. ಎರಡು ತಿಂಗಳು ಕಾದರು, ಒಂದು ಮಾತು ಕೇಳಲಿಲ್ಲ. ಕೊನೆಗೆ ಅವರೇ ನಡೆದುಕೊಂಡು ಬಂದು ಬಾಗಿಲಲ್ಲಿ ನಿಂತು, “ನನ್ನ ಮಸಿ ಚೆನ್ನಾಗಿರ್ಲಿಲ್ವೇನಮ್ಮಾ?” ಎಂದು ಕೇಳಿದರು.

ಅವಳಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಆ ಭಾನುವಾರ ದರ್ಜಿಯ ಅಂಗಡಿಯಲ್ಲಿ ಮಂಕಾಗಿ ಕೂತಿದ್ದಳು. ಅವನು ಹಳೆಯ ಅಂಗಿಗಳ ಗುಂಡಿ ಬಿಡಿಸುತ್ತಿದ್ದ. ಕತ್ತರಿ ಆಡುತ್ತಿತ್ತು, ಗುಂಡಿ ಕೈಗೆ ಬೀಳುತ್ತಿತ್ತು, ಕೈ ಗೋಡೆಯ ಕಡೆ ಹೋಗಿ ಯಾವುದೋ ಡಬ್ಬಿಯಲ್ಲಿ ಟಪ್ಪೆಂದು ಹಾಕಿ ಬರುತ್ತಿತ್ತು. ಕಣ್ಣು ಅಂಗಿಯ ಮೇಲೆಯೇ ಇರುತ್ತಿತ್ತು.

“ನೋಡ್ದೇನೇ ಹೇಗೆ ಹಾಕ್ತೀರಿ?”

“ನೋಡೋದೇನು? ಎರಡು ತೂತಾ, ನಾಲ್ಕು ತೂತಾ, ಅಂಚಿದೆಯಾ, ಇಲ್ವಾ. ಮುಟ್ಟಿದ್ರೆ ಗೊತ್ತಾಗುತ್ತೆ.”

“ಎಲ್ಲ ಒಂದು ಕಡೆ ಹಾಕಿ ಆಮೇಲೆ ಬೇರೆ ಮಾಡಬಾರ್ದಾ?”

“ಆಮೇಲೆ ಅಂದ್ರೆ ಆಯ್ತು! ಆ ಆಮೇಲೆ ಯಾವತ್ತೂ ಬರಲ್ಲ. ಬಂದ ಕೂಡ್ಲೆ ಅದರದರ ಜಾಗಕ್ಕೆ ಹಾಕ್ಬಿಡಬೇಕು. ಬೇಕಾದಾಗ ಡಬ್ಬಿ ತೆಗೆದ್ರಾಯ್ತು. ಇಡೀ ದಿನ ಡಬ್ಬಿ ತೆಗೆದು ತೆಗೆದು ನೋಡ್ತಿದ್ರೆ ಹೊಲಿಯೋದು ಯಾವಾಗ?”

ಅವಳು ಎದ್ದು, “ಬರ್ತೀನಿ,” ಎಂದು ಭಾನುವಾರವೇ ಕಾರ್ಖಾನೆಯ ಬೀಗದಕೈ ತೆಗೆದುಕೊಂಡು ಹೋದಳು. ದರ್ಜಿಗೆ ಆ ಮಾತುಕತೆ ಮರುದಿನಕ್ಕೇ ಮರೆತುಹೋಯಿತು.

ಅವಳ ಮೊದಲ ಫಿಲ್ಟರ್ ಹೊಟ್ಟೆಬಾಕ. ಅಟ್ಯಾಚ್‌ಮೆಂಟ್ ಇರುವುದನ್ನೆಲ್ಲ ನುಂಗು ಎಂದು ಹೇಳಿದ್ದಳು, ಅದು ನುಂಗಿತು. ಗುರುವಾರ ಯಂತ್ರ ರಿಪೇರಿ, ಯಾರೂ ಬರಬೇಡಿ ಎಂಬ ಮಾಲೀಕರ ಪತ್ರವನ್ನೂ ನುಂಗಿತು. ಗುರುವಾರ ಅವಳೊಬ್ಬಳೇ ಹೋಗಿ ಕಾರ್ಖಾನೆಯ ಮೆಟ್ಟಿಲ ಮೇಲೆ ಒಂದು ಗಂಟೆ ಕೂತು ಬಂದು, ಮನೆಯಲ್ಲಿ ಅದನ್ನೇ ಹೇಳಿ ಹೇಳಿ ನಕ್ಕಳು. ಆಮೇಲೆ ಕೇಳಿದಳು, “ರೀ, ಯಾವ ಡಬ್ಬಿಗೂ ಸೇರದ ಗುಂಡಿ ಬಂದ್ರೆ ಏನು ಮಾಡ್ತೀರಿ?”

“ಚಾ ಕಪ್ಪಿನ ಬಸೀಲಿ ಹಾಕಿರ್ತೀನಿ. ಸಂಜೆ ಅಂಗಡಿ ಮುಚ್ಚೋ ಮುಂಚೆ ಒಂದ್ಸಲ ನೋಡ್ತೀನಿ.”

“ಬಸಿ,” ಎಂದಳು ಅವಳು, ಏನೋ ಕಳೆದದ್ದು ಸಿಕ್ಕಿದವಳಂತೆ. ಗುಂಡಿಯ ಬಗ್ಗೆ ಇವಳಿಗೇಕೆ ಇಷ್ಟು ಚಿಂತೆ ಎಂದು ದರ್ಜಿಗೆ ಬಗೆಹರಿಯಲಿಲ್ಲ.

*

ಹನ್ನೊಂದು ಹೊಡೆಯಿತು. ಏನೂ ಆಗಲಿಲ್ಲ.

ಎಂಬತ್ತು ಕುರ್ಚಿಯೂ ಬಿಡಿಸಿ ಆಗಿತ್ತು. ದರ್ಜಿ ಹೋಗಿ ಹೆಂಡತಿಯ ಪಕ್ಕ ನಿಂತುಕೊಂಡ. ಹನ್ನೊಂದು ದಾಟಿ ಒಂದು ನಿಮಿಷ. ಎರಡು. ಉಗ್ರಾಣಿ ಫೋನನ್ನು ತೊಡೆಯ ಮೇಲಿಟ್ಟು ಅದನ್ನೇ ದುರುಗುಟ್ಟಿ ನೋಡುತ್ತಿದ್ದ. ಹೊರಗೆ ಯಾವುದೋ ಗಾಡಿಯ ಸದ್ದಾಯಿತು, ಅದು ಮುಂದೆ ಹೋಯಿತು. ನಾಲ್ಕು ನಿಮಿಷ. ದರ್ಜಿ ಮನಸ್ಸಿನಲ್ಲೇ ಹೆಂಡತಿಗೆ, ‘ಸ್ವಲ್ಪ ತಡಿ, ಚಾ ತರೋಕೆ ಹೋಗಿರ್ತಾರೆ,’ ಎಂದ. ಅವಳೇ ಅವನಿಗೆ ಹೇಳಬೇಕಾದ ಮಾತು ಅದು.

ಐದನೆಯ ನಿಮಿಷಕ್ಕೆ ಮಾಲೀಕರ ಫೋನು ಬಡಿದುಕೊಂಡಿತು. ಅವರು ಎತ್ತುವಷ್ಟರಲ್ಲಿ ಉಗ್ರಾಣಿಯದು. ಆಮೇಲೆ ಅಂಟು ಬಳಿಯುವ ಯಂತ್ರದವನದು, ಕಾವಲಿನವನದು. ಕಾರ್ಖಾನೆಯ ಒಂಬತ್ತು ಜನರೂ ಎದ್ದು ಒಂದೊಂದು ಕಿಟಕಿಗೆ ಓಡಿದರು. ಸಭಾಂಗಣದ ತುಂಬ ಅರ್ಧರ್ಧ ಮಾತುಗಳು.

“ಹೌದು, ಭಾನುವಾರ... ಇಲ್ಲ ಇಲ್ಲ, ತಮಾಷೆಯಲ್ಲ... ಹನ್ನೆರಡರ ತನಕ...”

“ಹೌದು ಸಾರ್, ಬಿಲ್ಲಲ್ಲ ಅದು... ಹೌದು, ನಮ್ಮ ಬಿಲ್ಲಕ್ಕಾನೇ...”

“ಅಳಬೇಡಿ ಮೇಡಂ. ಮೊದಲು ಹೊರಡಿ.”

ದರ್ಜಿ ಕಟ್ಟೆಯ ಅಂಚನ್ನು ಹಿಡಿದುಕೊಂಡ.

ಮೊದಲು ಬಂದವಳು ಅಂಟಿನವಳು. ಒಣಗಿದ ಅಂಟು ಮೆತ್ತಿದ್ದ ಏಪ್ರನ್ನಿನಲ್ಲೇ ಸ್ಕೂಟರು ಹತ್ತಿ ಬಂದಿದ್ದಳು. ಕಟ್ಟೆಯ ಮುಂದೆ ನಿಂತು, ಕಣ್ಣರಳಿಸಿ, “ಇವ್ರೇನಾ?” ಎಂದಳು. “ಇಷ್ಟು ಪುಟ್ಟಗಿದ್ರಾ? ಧ್ವನಿ ಕೇಳಿ ಎತ್ತರದೋರು ಅಂದ್ಕೊಂಡಿದ್ನಲ್ಲ!” ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿಗೆ ಎದ್ದು ಹೋಗಿ ತಮ್ಮ ನಾಲ್ಕನೆಯ ಕರವಸ್ತ್ರ ಕೊಟ್ಟರು.

ಆಮೇಲೆ ಬ್ರೆಡ್ಡಿನವನು ಬಂದ, ತೋಳಿನ ತುಂಬ ಹಿಟ್ಟು. ಬೂಟಿನಂಗಡಿಯ ಮ್ಯಾನೇಜರು ಪಾಸಾದ ಮಗಳನ್ನೂ ಕರೆತಂದಿದ್ದರು. ಬಲ್ಬಿನ ಗೋದಾಮಿನಿಂದ ನಾಲ್ವರು, ಔಷಧಿ ಅಂಗಡಿಯವರು ಮೂರೂ ಶಾಖೆಗಳಿಗೆ ಬೀಗ ಹಾಕಿ ಆರು ಜನ. ಲಾರಿಯವನು ಲಾರಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿ ಬಂದಿದ್ದಕ್ಕೆ ಹಿಂದಿನವರೆಲ್ಲ ಗಾಡಿ ರಸ್ತೆಯಲ್ಲೇ ಬಿಟ್ಟು ನಡೆದು ಬರಬೇಕಾಯಿತು. ಇವರಲ್ಲಿ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ಬಂದವರು ಬಂದವರೇ ಪಕ್ಕದವರನ್ನು ಮೆಲ್ಲಗೆ ಕೇಳುತ್ತಿದ್ದರು, “ನಿಮ್ಮದೂ ಹನ್ನೊಂದಾ?” “ಹನ್ನೊಂದು, ನಾಲ್ಕು.” ಅಷ್ಟಕ್ಕೇ ನೆಂಟರಾಗಿಬಿಡುತ್ತಿದ್ದರು.

ಹನ್ನೊಂದೂಕಾಲಿಗೆ ಮೇಲ್ವಿಚಾರಕ ಕುರ್ಚಿ ಎತ್ತಿಕೊಳ್ಳಲು ಬಂದು ಬಾಗಿಲಲ್ಲೇ ನಿಂತ. ಹನ್ನೊಂದೂವರೆಗೆ ಕೊನೆಯ ಸಾಲು ತುಂಬಿತು. ಕುಂಟು ಕುರ್ಚಿಯಲ್ಲಿ ಸಾಬೂನಿನವರು ಒಂದು ಕಾಲು ಊರಿಕೊಂಡು ಕೂತರು. ಇನ್ನೂ ಜನ ಬರುತ್ತಲೇ ಇದ್ದರು. ಮೇಲ್ವಿಚಾರಕ ಗೊಣಗಿಕೊಂಡು ಹೋಗಿ ತನ್ನ ಕೋಣೆಯ ಕುರ್ಚಿಯನ್ನೂ ತಂದು ಹಾಕಿದ.

“ಸರಿಯಾಗಿ ಕೂತ್ಕೊಳಿ, ಒತ್ತಿಕೊಂಡು ಕೂತ್ಕೊಳಿ,” ಎಂದು ಅತ್ತಿಗೆ ಸಾಲು ಸಾಲಿಗೂ ಓಡಾಡುತ್ತಿದ್ದರು. “ಎಂಬತ್ತೇ ಯಾಕೆ ಹೇಳಿದ್ರೋ ಇವರು! ನೂರಕ್ಕೆ ಹೇಳೋಕೆ ಏನಾಗಿತ್ತು?”

ದರ್ಜಿ ಹೆಂಡತಿಯ ಕಡೆ ಬಾಗಿ, ಯಾರಿಗೂ ಕೇಳದಂತೆ, “ಸೋತೆ ಕಣೇ,” ಎಂದ. ಇಷ್ಟು ಸಂತೋಷವಾಗಿ ಅವನು ಯಾವ ಪಂದ್ಯವನ್ನೂ ಸೋತಿರಲಿಲ್ಲ.

ಬ್ರೆಡ್ಡಿನವನು ಹತ್ತಿರ ಬಂದು ಅವನ ಕೈ ಹಿಡಿದುಕೊಂಡ. “ನೀವೇನಾ ಗುಂಡಿ ಡಬ್ಬಿಯವ್ರು?”

“ಏನು?”

“ಅದೇ, ಗೋಡೆ ಮೇಲೆ ಎಂಬತ್ತು ಡಬ್ಬಿ. ನೋಡದೇನೇ ಟಪ್ ಅಂತ ಹಾಕ್ತಾರೆ ಅಂತಿದ್ರು. ನನಗೆ ಫಿಲ್ಟರೂ ಗೊತ್ತಿರ್ಲಿಲ್ಲ, ಏನೂ ಗೊತ್ತಿರ್ಲಿಲ್ಲ. ಫೋನಲ್ಲಿ ಬಿಲ್ಲಕ್ಕ ಹೇಳಿದ್ರು, ‘ಗುಂಡಿ ಬಂದ ಕೂಡ್ಲೆ ಅದರ ಜಾಗಕ್ಕೆ ಹೋಗ್ಬೇಕು, ಆಮೇಲೆ ಅನ್ನೋದು ಯಾವತ್ತೂ ಬರಲ್ಲ, ನಮ್ಮೆಜಮಾನ್ರು ಹೇಳ್ತಾರೆ’ ಅಂತ.”

“ನಮಗೂ ಅದೇ ಹೇಳಿದ್ದು!” ಎಂದಳು ಅಂಟಿನವಳು ಹಿಂದಿನಿಂದ.

“ನಮಗೆ ಬಸಿದೂ ಹೇಳಿದ್ರು,” ಎಂದರು ಬೂಟಿನಂಗಡಿಯವರು. “ಯಾವುದಕ್ಕೂ ಸೇರದ್ದು ಬಸಿಗೆ. ನಮ್ಮ ಆಫೀಸಲ್ಲಿ ಈಗಲೂ ಅದರ ಹೆಸರು ಬಸಿ.”

ಒಬ್ಬೊಬ್ಬರೇ ಬಂದು ಅವನ ಮುಖ ನೋಡಿ ಹೋದರು. ಅವರಿಗೆ ಅವನ ಮುಖ ಹೊಸದು, ಮಾತು ಹಳೆಯದು. ಪ್ಯಾಂಟು ವಾಪಸು ಬಂದರೆ ಅವನು ಎರಡು ದಿನ ಊಟ ಸರಿಯಾಗಿ ಮಾಡುವುದಿಲ್ಲ ಎಂಬುದು ಕೂಡ ಔಷಧಿ ಅಂಗಡಿಯವರಿಗೆ ಗೊತ್ತಿತ್ತು. ದರ್ಜಿ ಕೋಟಿನ ಕೊರಳಪಟ್ಟಿಯ ಕೆಳಗೆ ಚುಚ್ಚಿಟ್ಟಿದ್ದ ಸೂಜಿಯನ್ನು ಬೆರಳಿನಿಂದ ಸವರಿಕೊಂಡ. ದಾರ ಪೋಣಿಸಿದ ಸೂಜಿ ಅಲ್ಲಿ ಸದಾ ಇರುತ್ತಿತ್ತು. ಅದೃಶ್ಯ ನೆಂಟರು ಅವಳೊಬ್ಬಳಿಗೆ ಅಂದುಕೊಂಡಿದ್ದ. ಹನ್ನೆರಡು ವರ್ಷದಿಂದ ಅವರು ತನಗೂ ನೆಂಟರಾಗಿದ್ದರು ಎಂಬುದು ಈಗ ತಿಳಿಯಿತು.

ಉಗ್ರಾಣಿ ಬಂದು ಫೋನು ತೋರಿಸಿದ. “ಇಲ್ನೋಡಿ. ಬರಕ್ಕಾಗದೋರೆಲ್ಲ ಉತ್ತರ ಬರೆದಿದಾರೆ. ಇಪ್ಪತ್ತೆಂಟು ಪತ್ರ. ಆದ್ರೆ ಇನ್‌ಬಾಕ್ಸ್ ನೋಡಿ.”

ಪರದೆ ಖಾಲಿಯಿತ್ತು. ಬಂದ ಪತ್ರ ಬಂದಂತೆ ತಾನಾಗಿ ಸರಿದು, ಬರೆದವರ ಹೆಸರಿನ ಡಬ್ಬಿಗೆ ಹೋಗಿ ಬಿದ್ದಿತ್ತು. ಯಾರೂ ಹೇಳದಿದ್ದರೂ ಅವಳು ಹೇಳಿಟ್ಟ ಕೆಲಸ ನಡೆಯುತ್ತಲೇ ಇತ್ತು.

“ಮಸಿ ತಾತನದ್ದು ಬಂದಿದೆಯಾ?” ಎಂದು ದರ್ಜಿ ಕೇಳಿದ.

“ಇಲ್ಲ. ಅವರೂ ಬಂದಿಲ್ಲ. ಅವರ ಡಬ್ಬಿಗೆ ಬಿಲ್ಲಕ್ಕ ನಕ್ಷತ್ರ ಹಾಕಿಟ್ಟಿದಾರೆ, ಎಲ್ಲರಿಗಿಂತ ಮೇಲೆ.”

*

ಹನ್ನೆರಡಕ್ಕೆ ನಾಲ್ಕು ನಿಮಿಷವಿರುವಾಗ ಬಾಗಿಲ ಹತ್ತಿರದ ಜನ ದಾರಿ ಬಿಟ್ಟರು. ಮುದುಕರೊಬ್ಬರು ಏದುಸಿರು ಬಿಡುತ್ತ ಬಂದರು. ಹತ್ತು ಬೆರಳಿನ ತುದಿಯೂ ಕಪ್ಪು. ಎಷ್ಟು ತೊಳೆದರೂ ಹೋಗದ ಕಪ್ಪು. ಇವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

“ಹನ್ನೊಂದಕ್ಕೇ ತೆಗೆದೆ,” ಎಂದರು ದರ್ಜಿಗೆ, ತಪ್ಪು ಒಪ್ಪಿಕೊಳ್ಳುವವರಂತೆ. “ನಡ್ಕೊಂಡು ಬಂದೆ. ಗಾಡಿ ಓಡಿಸೋಕೆ ಬರಲ್ಲ ನನಗೆ.”

“ಹೊತ್ತಿಗೆ ಸರಿಯಾಗಿ ಬಂದ್ರಿ.”

ಮಸಿ ತಾತ ಕಟ್ಟೆಯ ಮುಂದೆ ನಿಂತರು. ಅಲ್ಲಿದ್ದ ವ್ಯಾಪಾರಿಗಳಲ್ಲಿ ಅವಳ ಮುಖವನ್ನು ಮೊದಲೇ ಕಂಡಿದ್ದವರು ಅವರೊಬ್ಬರೇ. ಅದೂ ಒಂದೇ ಸಲ, ಬಾಗಿಲಲ್ಲಿ ನಿಂತು. “ಆಮೇಲೆ ಒಂದು ಬಿಲ್ಲೂ ತಪ್ಪಲಿಲ್ಲಮ್ಮ,” ಎಂದರು ಅವಳಿಗೆ. “ಒಂದೂ ತಪ್ಪಲಿಲ್ಲ.”

ಮೇಲ್ವಿಚಾರಕ ಬಾಗಿಲಿಗೆ ಬಂದು ಹಿಡಿಯ ಮೇಲೆ ಕೈಯಿಟ್ಟ. ಅವನ ಹಿಂದೆ, ಹೊರಗೆ, ಮುಂದಿನ ಮನೆಯವರು ಮರದ ನೆರಳಲ್ಲಿ ಕಾಯುತ್ತಿದ್ದರು. ಜನ ಎದ್ದು ನಿಂತರು. ಮಗಳು ಬಂದು ಅಪ್ಪನ ಭುಜ ಮುಟ್ಟಿದಳು.

ದರ್ಜಿ ಮಾತ್ರ ಮಸಿ ತಾತನ ಕೋಟನ್ನೇ ನೋಡುತ್ತಿದ್ದ. ಮೂರನೆಯ ಗುಂಡಿ ಒಂದೇ ಎಳೆಯಲ್ಲಿ ತೂಗಾಡುತ್ತಿತ್ತು. ಅವಸರದಲ್ಲಿ ತಪ್ಪಾಗಿ ಎಳೆದು ಹಾಕಿಕೊಂಡಿದ್ದರು ಅಂತ ಕಾಣುತ್ತದೆ.

“ಒಂದು ನಿಮಿಷ ಅಲುಗಾಡಬೇಡಿ,” ಎಂದು ಕೊರಳಪಟ್ಟಿಯ ಕೆಳಗಿಂದ ಸೂಜಿ ತೆಗೆದ.

“ಈಗ ಯಾಕೆ? ಆಮೇಲೆ...” ಎಂದು ಮುದುಕರು ಶುರುಮಾಡಿದರು. ಅಂಟಿನವಳು, ಬ್ರೆಡ್ಡಿನವನು, ಬೂಟಿನಂಗಡಿಯವರು, ಮುಂದಿನ ಸಾಲಿನ ಅಷ್ಟೂ ಜನ ಅವರ ಕಡೆ ತಿರುಗಿದರು. ಮುದುಕರು ಮಾತು ನಿಲ್ಲಿಸಿ, ಗಲ್ಲ ಮೇಲೆತ್ತಿ, ಅಂಗಿ ಹೊಲಿಸಿಕೊಳ್ಳುವ ಮಗುವಿನ ಹಾಗೆ ನೆಟ್ಟಗೆ ನಿಂತರು.

ನಾಲ್ಕು ತೂತಿನ, ಅಂಚಿರುವ ಗುಂಡಿ. ದರ್ಜಿ ಅದನ್ನು ನೋಡಲಿಲ್ಲ. ಅವನ ಕಣ್ಣು ಹೆಂಡತಿಯ ಮುಖದ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ಹೊಲಿಯುತ್ತಿತ್ತು. ನಾಲ್ಕು ಸುತ್ತು, ಕೆಳಗೊಂದು ಗಂಟು. ಕತ್ತರಿ ತಂದಿರಲಿಲ್ಲ. ಬಾಗಿ ಹಲ್ಲಿನಿಂದ ದಾರ ಕಡಿದ.

ಗಡಿಯಾರ ಹನ್ನೆರಡು ದಾಟಿತ್ತು. ಮೇಲ್ವಿಚಾರಕ ಬಾಗಿಲ ಹಿಡಿ ಬಿಟ್ಟು, ಗಡಿಯಾರದ ಕಡೆಗೆ ಬೆನ್ನು ತಿರುಗಿಸಿ, ಗೋಡೆಗೆ ಒರಗಿ ನಿಂತಿದ್ದ. ಅವನ ಕುರ್ಚಿಯಲ್ಲಿ ಯಾರೋ ಕೂತಿದ್ದರು.